ಕಿವಿ ಮುಚ್ಚದ ಹೆಡ್‌ಫೋನು

ಶ್ರೀನಿವಾಸಮೂರ್ತಿಗಳು ಬದುಕಿದ್ದಾಗ ಹೊಸ ತಿಪ್ಪಸಂದ್ರದ ಆ ಮನೆಯಲ್ಲಿ ಮಾತು ಅಂತ ಇರಲಿಲ್ಲ, ಕೂಗು ಮಾತ್ರ ಇತ್ತು. ವಿಮಾನದ ಕಾರ್ಖಾನೆಯಲ್ಲಿ ಆಯಸ್ಸೆಲ್ಲ ತಗಡಿಗೆ ಮೊಳೆ ಹೊಡೆಯುವ ಮಿಷನ್ನಿನ ಪಕ್ಕ ನಿಂತ ಮನುಷ್ಯ. ಸಣ್ಣ ಸದ್ದು ಅವರ ಕಿವಿಗೆ ತಾಗುತ್ತಿರಲಿಲ್ಲ, ಸಣ್ಣ ಸದ್ದು ಅವರ ಬಾಯಿಂದ ಬರುತ್ತಲೂ ಇರಲಿಲ್ಲ. “ಸುಬ್ಬೂ, ಕಾಫಿ!” ಅಂದರೆ ಹಲಸೂರು ಕೆರೆಯ ಮೀನುಗಳೆಲ್ಲ ಬೆಚ್ಚಿ ತಳ ಸೇರುತ್ತಿದ್ದವು. “ಸಾರಿಗೆ ಉಪ್ಪು ಕಮ್ಮಿ!” ಅಂದರೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು, ತಾವೇ ತಂದುಕೊಡಬೇಕೇನೋ ಅಂತ ಚೀಲ ತಡಕಿಕೊಳ್ಳುತ್ತಿದ್ದರು.

ಅಂಥವರು ಹೋದ ವರ್ಷ ಶ್ರಾವಣದಲ್ಲಿ, ಮಧ್ಯಾಹ್ನ ಊಟ ಮಾಡಿ ಅಡ್ಡಾದವರು, ಹಾಗೇ ಹೋಗಿಬಿಟ್ಟರು. ಜೀವಮಾನದಲ್ಲಿ ಅವರು ಸದ್ದಿಲ್ಲದೆ ಮಾಡಿದ ಕೆಲಸ ಅದೊಂದೇ.

ಆಮೇಲೆ ಮನೆ ಎಷ್ಟು ಸುಮ್ಮನಾಯಿತೆಂದರೆ, ಹಾಲು ಕೆನೆಗಟ್ಟುವುದೂ ಸುಬ್ಬಲಕ್ಷ್ಮಿಗೆ ಕೇಳಿಸತೊಡಗಿತು. ಫ್ರಿಜ್ಜು ನಿಟ್ಟುಸಿರು ಬಿಟ್ಟರೆ ಅಡುಗೆಮನೆಯಿಂದಲೇ “ಏನಂದ್ರಿ?” ಅಂತ ಕೇಳಿಬಿಡುವಳು. ಆಮೇಲೆ ನಾಲಗೆ ಕಚ್ಚಿಕೊಳ್ಳುವಳು. ಮಕ್ಕಳು ಮರಿ ಇರಲಿಲ್ಲ. ಇದ್ದದ್ದು ಅವಳೊಬ್ಬಳು, ಮತ್ತೆ ಹಗಲೆಲ್ಲ ಗ್ಯಾಸ್ ಒಲೆಯ ಮೇಲೆ ಕುದಿಯುತ್ತಿದ್ದ ಒಂದು ದೊಡ್ಡ ಪಾತ್ರೆ ನೀರು. ಒಬ್ಬಳಿಗೆ ಇಷ್ಟೊಂದು ಬಿಸಿನೀರು ಯಾತಕ್ಕೆ ಅಂತ ಕೇಳುವವರು ಯಾರಿದ್ದರು?

ಡಾಕ್ಟರು ಮಾತ್ರ ಬೇರೆ ಏನೋ ಕೇಳಿದರು. “ಸಕ್ಕರೆ ಏರಿದೆಯಲ್ಲಮ್ಮ, ನಡೀತಿದ್ದೀರಾ? ಬರೀ ನಡಿಗೆ ಸಾಲದು, ಮಧ್ಯೆ ಮಧ್ಯೆ ಸ್ವಲ್ಪ ಓಡಿ.” ಹಾಗಾಗಿ ಸುಬ್ಬಲಕ್ಷ್ಮಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಬೂಟು ಏರಿಸಿ, ಬೆಳಗ್ಗೆ ಕಾಲೊನಿಯ ಪಾರ್ಕಿಗೆ ಹೊರಟಳು. ಅವಳ ಓಟ ಅಂದರೆ ಓಟವೂ ಅಲ್ಲ, ನಡಿಗೆಯೂ ಅಲ್ಲ. ಕುಕ್ಕರಿನ ಸೀಟಿ ಕೇಳಿ ಒಳಗೆ ಧಾವಿಸುವ ಹೆಂಗಸಿನ ಗತಿ. ಪಾರ್ಕಿನ ನಡುವೆ ಅರಳಿಕಟ್ಟೆ ಇದ್ದುದರಿಂದ ಅಲ್ಲಿ ಎಲ್ಲರೂ ಬಲಸುತ್ತೇ ಹೋಗುವುದು. ಸಕ್ಕರೆಗೆ ಸಕ್ಕರೆಯೂ ಇಳಿಯಿತು, ಪುಣ್ಯಕ್ಕೆ ಪುಣ್ಯವೂ ಬಂತು ಅಂತ.

ಕಷ್ಟ ಇದ್ದದ್ದು ಸಿಮೆಂಟು ಬೆಂಚಿನಲ್ಲಿ. ವಿಮಾ ಆಫೀಸಿನಿಂದ ರಿಟೈರಾದ ಶ್ರೀವಿದ್ಯಾ, ಅವಳ ಸುತ್ತ ಕಾಲೊನಿಯ ಹೆಂಗಸರು. ಮೂರ್ತಿಗಳಿದ್ದಾಗ ಸುಬ್ಬಲಕ್ಷ್ಮಿಯೂ ಅಲ್ಲೇ ಕೂತು, ಗಂಡನನ್ನು ಬೈದು, ನಕ್ಕು, ಮನೆಗೆ ಹೋಗುತ್ತಿದ್ದಳು. ಈಗ ಅವಳು ಹತ್ತಿರ ಬಂದರೆ ಸಾಕು, ಇಡೀ ಬೆಂಚು ಸಾವಿನ ಮನೆಯ ಜಮಖಾನೆಯಾಗಿಬಿಡುತ್ತಿತ್ತು.

“ಬನ್ನಿ ಸುಬ್ಬಲಕ್ಷ್ಮೀ... ಪಾಪ, ಊಟ ಗೀಟ ಸರ್ಯಾಗ್ ಮಾಡ್ತಿದೀರಾ?”

“ಪಾಪ, ಎಷ್ಟು ಇಳಿದ್ಹೋಗಿದೀರಿ!”

ಇಳಿದದ್ದೆಲ್ಲಿ ಬಂತು, ತೂಕದ ಮಿಷನ್ನು ಅವಳನ್ನು ಕಂಡರೆ ಮುಲುಗುತ್ತಿತ್ತು. ಒಬ್ಬಾಕೆ “ನಮ್ಮೋರು ನೆನ್ನೆ ಏನ್ ಮಾಡಿದ್ರು ಗೊತ್ತಾ” ಅಂತ ಶುರುಮಾಡಿದವಳು, ಸುಬ್ಬಲಕ್ಷ್ಮಿಯ ಹಣೆ ನೋಡಿ ಮಾತು ನುಂಗಿದಳು. ಆ ನುಂಗಿದ ಮಾತು ಏನಾಗಿತ್ತೋ ಅಂತ ಸುಬ್ಬಲಕ್ಷ್ಮಿ ದಿನವೆಲ್ಲ ತಲೆ ಕೆಡಿಸಿಕೊಂಡಳು. ಒಬ್ಬರಾದರೂ ಅವಳೊಂದಿಗೆ ಮೊದಲಿನ ಹಾಗೆ ಮಾತಾಡಲಿ, ಬೈಯಲಿ, ಬೇಕಾದರೆ ಜಗಳಕ್ಕೇ ಬರಲಿ, ಅವಳಿಗೆ ಬೇಕಿದ್ದದ್ದು ಅಷ್ಟೇ. ಸಿಗುತ್ತಿದ್ದದ್ದು ಪಾಪ. ಬೆಳಗ್ಗೆ ಆರಿಸಿ ತಂದರೆ ಸಂಜೆಗೆ ಒಂದು ಮೂಟೆ ಆಗುವಷ್ಟು ಪಾಪ.

ಅದೇ ಪಾರ್ಕಿನಲ್ಲಿ ಒಂದು ಹುಡುಗಿ ದಿನಾ ಹೆಡ್‌ಫೋನು ಹಾಕಿಕೊಂಡು ಓಡುತ್ತಿದ್ದಳು. ಅವಳಿಗೆ ಯಾರೂ ಪಾಪ ಅನ್ನುತ್ತಿರಲಿಲ್ಲ. ಅಂದರೂ ಅವಳಿಗೆ ಕೇಳುತ್ತಿರಲಿಲ್ಲ. ಸುಬ್ಬಲಕ್ಷ್ಮಿ ಅದನ್ನು ನೋಡಿದಳು, ಮಧ್ಯಾಹ್ನವೇ ಶಿವಾಜಿನಗರದ ಬಸ್ಸು ಹತ್ತಿದಳು.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮುದಸ್ಸಿರ್‌ನ ಅಂಗಡಿ. ಮೂರ್ತಿಗಳ ರೇಡಿಯೋ ಕೆಟ್ಟಾಗೆಲ್ಲ ರಿಪೇರಿ ಮಾಡಿಕೊಡುತ್ತಿದ್ದವನು. ಅಂಗಡಿ ಅಂದರೆ ಬೆಂಕಿಪೊಟ್ಟಣಕ್ಕೆ ಶಟರ್ ಇಟ್ಟಷ್ಟು, ಒಳಗಿನ ಸಾಮಾನು ಮಾತ್ರ ಎರಡು ಲಾರಿಯಷ್ಟು.

“ಹೆಡ್‌ಫೋನ್ ಬೇಕಪ್ಪ. ಓಡೋವಾಗ ಹಾಕ್ಕೊಳ್ಳೋಕೆ.”

“ಯಾರಿಗಮ್ಮಾ?”

“ನಂಗೇ ಕಣಯ್ಯ. ಯಾಕೆ, ನಾನ್ ಓಡಬಾರ್ದಾ?”

“ಅರೆ ಓಡಿ ಅಮ್ಮಾ, ಓಡಿ! ಒಲಿಂಪಿಕ್ಸ್‌ಗೇ ಓಡಿ, ಯಾರ್ ಬೇಡ ಅಂದಿದ್ದು? ಆದ್ರೆ ಓಡೋರಿಗೆ ಕೊಡ್ಬೇಕಾದ್ರೆ ನಾನು ಹಂಗೇ ಕೊಡಲ್ಲ. ಹಾಕ್ಕೊಂಡು ಇಲ್ಲೇ ಓಡಿ ತೋರಿಸ್ಬೇಕು. ಇಲ್ದಿದ್ರೆ ನಾಳೆ ಬಂದು ಬಿದ್ದೋಯ್ತು ಮುದಸ್ಸಿರ್, ನೋಯತ್ತೆ ಮುದಸ್ಸಿರ್ ಅಂತೀರಾ.”

ಮೊದಲು ಕಿವಿಯೊಳಗೆ ತುರುಕುವ ಮೊಗ್ಗಿನಂಥವನ್ನು ಕೊಟ್ಟ. ಸುಬ್ಬಲಕ್ಷ್ಮಿ ನೆರಿಗೆ ಎತ್ತಿ ಹಿಡಿದು ನಿಂತಲ್ಲೇ ಓಡಿದಳು. ಗಾಜಿನ ಪೆಟ್ಟಿಗೆಗಳೆಲ್ಲ ಗಿಲಗಿಲ ಅಂದವು. ಎಡಗಿವಿಯದು ಹಾರಿ ಚಾರ್ಜರುಗಳ ರಾಶಿಯೊಳಗೆ ಬಿತ್ತು, ಬಲಗಿವಿಯದು ಸೆರಗಿನೊಳಗೆ ಇಳಿಯಿತು. ಮುದಸ್ಸಿರ್ ಮುಖ ಆಚೆ ತಿರುಗಿಸಿಕೊಂಡು “ತಗೊಳ್ಳಿ ಅಮ್ಮಾ, ತಗೊಳ್ಳಿ, ನಾನ್ ನೋಡಲ್ಲ” ಅಂದ. ರಬ್ಬರು ಬದಲಿಸಿ ಬಿಗಿಯಾಗಿ ಕೂರಿಸಿದ್ದೂ ಆಯಿತು.

“ಬೇಡಪ್ಪ. ಕಿವಿ ಕಟ್ಟಿದಂಗೆ ಆಗತ್ತೆ. ನನ್ ಕಾಲಿನ ಸದ್ದು, ನನ್ ಉಸಿರಿನ ಸದ್ದು ತಲೆಯೊಳಗೇ ದಬದಬ ಅನ್ನತ್ತೆ. ಅದನ್ನ ನಾನು ಮನೇಲಿ ದಿನಾ ಕೇಳ್ತೀನಿ, ಓಡೋವಾಗ್ಲೂ ಬೇಕಾ?”

ಆಮೇಲೆ ಕಿವಿಯನ್ನೆಲ್ಲ ಮುಚ್ಚುವ ದೊಡ್ಡದು. ಎರಡು ಇಡ್ಲಿ ತಟ್ಟೆ ಕಿವಿಗೆ ಕಟ್ಟಿದ ಹಾಗಿತ್ತು. ಏಳುಕಲ್ಲಿನ ವಾಲೆಯ ತಿರುಪು ಕಿವಿಯ ಹಿಂದೆ ಚುಚ್ಚಿ ಪ್ರಾಣ ಹೋಯಿತು, ಒಂದೇ ನಿಮಿಷದಲ್ಲಿ ಬೆವರು ಕೃಷ್ಣರಾಜಪುರದವರೆಗೆ ಹರಿಯುವಷ್ಟು ಇಳಿಯಿತು. ಕೊರಳಿಗೆ ಹಾಕುವ ಪಟ್ಟಿಯದು ಸರದ ಜೊತೆ ಸಿಕ್ಕು ಹಾಕಿಕೊಂಡು, ಬಿಡಿಸುವಷ್ಟರಲ್ಲಿ ಮುದಸ್ಸಿರ್‌ನ ಚಹಾ ತಣ್ಣಗಾಯಿತು.

ಕೊನೆಗೆ ಅವನು ಮೇಲಿನ ಅಟ್ಟದಿಂದ ಒಂದು ವಿಚಿತ್ರವಾದದ್ದನ್ನು ತೆಗೆದ. ತೆಳ್ಳನೆಯ ಕಮಾನು, ಎರಡು ಕಡೆ ಎರಡು ಪುಟ್ಟ ಬಿಲ್ಲೆ.

“ಇದು ಕಿವಿಯೊಳಗೂ ಹೋಗಲ್ಲ, ಕಿವಿ ಮೇಲೂ ಕೂರಲ್ಲ ಅಮ್ಮಾ. ಕಿವಿ ಮುಂದೆ ಮೂಳೆ ಇದ್ಯಲ್ಲ, ಅಲ್ಲಿ ಕೂತು ಹಾಡತ್ತೆ.”

“ಮೂಳೆಗೆ ಹಾಡಾ? ಸುಳ್ಳಿಗೂ ಒಂದು ಮಿತಿ ಬೇಡ್ವೇನಯ್ಯ!”

“ಖುದಾ ಕಸಮ್! ಮೂಳೆಯಿಂದ ಒಳಗೆ ಹೋಗತ್ತೆ. ಕಿವಿ ಖುಲ್ಲಾ. ಹಿಂದೆ ಗಾಡಿ ಬಂದ್ರೆ, ಯಾರಾದ್ರೂ ಕರದ್ರೆ, ಎಲ್ಲಾ ಕೇಳತ್ತೆ. ಬೆವರು ಬಿದ್ರೂ ಏನೂ ಆಗಲ್ಲ.”

ಅವಳು ಹಾಕಿಕೊಂಡಳು. ಕಮಾನು ತುರುಬಿಗೆ ತಾಗಿತು. ತುರುಬನ್ನು ಒಂದು ಬೆರಳು ಮೇಲೆ ಏರಿಸಿ ಕಟ್ಟಿದಳು. ಓಡಿದಳು, ಕುಣಿದಳು, ತಲೆ ಅಲ್ಲಾಡಿಸಿದಳು. ಅದು ಮೈಮೇಲೆ ಇರುವುದೇ ಗೊತ್ತಾಗಲಿಲ್ಲ. ವಾಲೆ ವಾಲೆಯ ಜಾಗದಲ್ಲಿ, ಅದು ಅದರ ಜಾಗದಲ್ಲಿ.

“ದೂರದಿಂದ ಕಾಣತ್ತಾ ಇದು?”

“ಕಾಣಲ್ಲ ಅಮ್ಮಾ, ಕರೀದು, ಕೂದ್ಲಲ್ಲಿ ಸೇರ್ಕೊಳತ್ತೆ.”

“ಹಾಗಾದ್ರೆ ಬೇಡ. ಕಾಣೋ ಬಣ್ಣದ್ದು ಕೊಡು. ದೂರದಿಂದ್ಲೇ ಗೊತ್ತಾಗ್ಬೇಕು, ಇವಳ ಕಿವೀಗೆ ಏನೋ ಇದೆ ಅಂತ.”

ಮುದಸ್ಸಿರ್ ಹಣೆ ಚಚ್ಚಿಕೊಂಡ. “ಇಡೀ ಬೆಂಗ್ಳೂರು ಕಾಣಬಾರ್ದು ಅಂತ ಕೇಳತ್ತೆ, ನೀವೊಬ್ರು!” ಅಂದು ಕಿತ್ತಳೆ ಬಣ್ಣದ್ದು ಕೊಟ್ಟ.

ಮಾರನೆಯ ದಿನ ಮೊದಲ ಸುತ್ತಿನಲ್ಲಿ ಅವಳು ಒಂದು ದೇವರನಾಮ ಹಾಕಿದಳು. ಅರಳಿಕಟ್ಟೆ ದಾಟುವುದರೊಳಗೆ ಕಣ್ಣಲ್ಲಿ ನೀರು. ಸುದ್ದಿ ಹಾಕಿದಳು, ಬಿ.ಪಿ. ಏರಿತು. ಆಫ್ ಮಾಡಿದವಳು ಮತ್ತೆ ಆನ್ ಮಾಡಲಿಲ್ಲ, ಚಾರ್ಜಿಗೂ ಇಡಲಿಲ್ಲ. ಅವಳಿಗೆ ಬೇಕಾದದ್ದನ್ನು ಕಿತ್ತಳೆ ಬಣ್ಣವೇ ಮಾಡುತ್ತಿತ್ತು. ಬೆಂಚಿನ ಹೆಂಗಸರು ದೂರದಿಂದ ನೋಡಿ, ಕೈ ಬೀಸಿ, ತಮ್ಮ ಮಾತಿಗೆ ಮರಳುತ್ತಿದ್ದರು. ಪಾಪ ನಿಂತಿತು.

ಜೊತೆಗೆ ಉಳಿದದ್ದೆಲ್ಲವೂ ನಿಂತಿತು. ಈಗ ಪಾರ್ಕಿನಲ್ಲೂ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಮುಂದೆ ಹೋಗುವವರ ಬೆನ್ನು, ಅವರ ಮುಂದಿನವರ ಬೆನ್ನು. ಬೆನ್ನುಗಳನ್ನು ನೋಡುತ್ತ ಓಡುವುದು. ಮನೆಯ ಮೌನವನ್ನು ಬೂಟು ಹಾಕಿ ಹೊರಗೆ ಕರೆತಂದ ಹಾಗಾಯಿತು.

ಹೀಗಿರುವಾಗ ಪಾರ್ಕಿಗೆ ಕಸ ಗುಡಿಸಲು ಹೊಸಬಳು ಬಂದಳು. ರಾಯಚೂರಿನ ಕಡೆಯವಳು, ಹೆಸರು ಹುಸೇನಮ್ಮ. ಕಪ್ಪಗೆ, ಸಪೂರ, ಸೊಂಟಕ್ಕೆ ಟವೆಲು. ಅವಳು ಗುಡಿಸಿದರೆ ಎಲೆಗಳೇ ಹೆದರಿ ಸಾಲು ನಿಲ್ಲುತ್ತಿದ್ದವು.

“ಅಮ್ಮಾರ, ಕಾಲ್ ಸರಸ್ರಿ, ನೀರೈತಿ!” ಅಂತ ಮೊದಲ ದಿನ ಕೂಗಿದಳು. ಸುಬ್ಬಲಕ್ಷ್ಮಿ ಈಗೀಗ ಎಲ್ಲರಿಗೂ ಮಾಡುವಂತೆ, ಕೇಳದವಳ ಹಾಗೆ ಹೋದಳು. ಮುಂದಿನ ಸುತ್ತಿಗೆ ಬಂದಾಗ ಹುಸೇನಮ್ಮ ಅವಳ ಮುಖದ ಮುಂದೆ ಕೈ ಆಡಿಸಿದಳು. ಸುಬ್ಬಲಕ್ಷ್ಮಿ ಸುಮ್ಮನೆ ನಕ್ಕು ತಲೆಯಾಡಿಸಿ ದಾಟಿದಳು.

“ಅಯ್ಯ, ಇವರಿಗೇನೂ ಕೇಳಂಗಿಲ್ಲ,” ಅಂತ ಹುಸೇನಮ್ಮ ಹಿಂದಿನಿಂದ ಅಂದದ್ದು ಸ್ಪಷ್ಟವಾಗಿ ಕೇಳಿತು. “ಚಲೋ ಆತು ಬಿಡು. ನಮ್ಮೂರ ಗುಡಿ ಬಸವಣ್ಣ ಸಿಕ್ಕಂಗಾತು.”

ಬಸವಣ್ಣನ ಕಿವಿಯಲ್ಲಿ ಎಲ್ಲರೂ ಹೇಳಿಕೊಳ್ಳುವವರೇ. ಒಂದು ಕಿವಿಯನ್ನು ಅಂಗೈಯಲ್ಲಿ ಮುಚ್ಚಿ, ಇನ್ನೊಂದರಲ್ಲಿ ಪಿಸುಗುಟ್ಟಿದರೆ ಆಯಿತು. ಕಲ್ಲಿನವನು, ಯಾರಿಗೂ ಬಾಯಿ ಬಿಡುವುದಿಲ್ಲ. ಸುಬ್ಬಲಕ್ಷ್ಮಿಯೂ ಹೊಸ ಮದುವಣಗಿತ್ತಿಯಾಗಿದ್ದಾಗ, ಹಲಸೂರು ದೇವಸ್ಥಾನದ ಬಸವಣ್ಣನಿಗೆ, ಇವರ ಗಂಟಲು ಸ್ವಲ್ಪ ತಗ್ಗಿಸಪ್ಪ ಅಂತ ಹೇಳಿ ಬಂದಿದ್ದಳು. ಈಗ ತಾನೇ ಬಸವಣ್ಣ ಆಗಿದ್ದಳು.

ಹುಸೇನಮ್ಮ ಶುರುಮಾಡಿದಳು. ಒಂದು ಸುತ್ತಿಗೆ ಒಂದು ಮಾತು. ಸುಬ್ಬಲಕ್ಷ್ಮಿ ಪೊರಕೆಯ ಹತ್ತಿರ ಬಂದಾಗ ಒಂದು ತುಂಡು ಸಿಗುವುದು, ಉಳಿದದ್ದಕ್ಕೆ ಇಡೀ ಪಾರ್ಕು ಸುತ್ತಿ ಬರಬೇಕು.

“ಮೊಹರಮ್ಮಿನ ಪೀರಲ ದೇವ್ರ ಹರಕಿಗಿ ಹುಟ್ಟೀನ್ರಿ ನಾ, ಅದಕ ಹುಸೇನಮ್ಮ ಅಂತ ಇಟ್ಟಾರ.” ಒಂದು ಸುತ್ತು.

“ನನ್ ಗಂಡ ಅಮೃತಪ್ಪ ಅಂತ. ವಾಚ್‌ಮನ್ ಅದಾನ, ರಾತ್ರಿ ಪಾಳಿ.” ಇನ್ನೊಂದು ಸುತ್ತು.

“ನಾ ಸಂಜಿಕ ಖೋಲಿಗಿ ಹೋಗದ್ರಾಗ ಆಂವ ಡ್ಯೂಟಿಗಿ ಹೊಂಟಿರ್ತಾನ. ಒಂದಽ ಹಾಸಿಗಿ, ಹಗಲು ಆಂವಂದು, ರಾತ್ರಿ ನಂದು. ನಾ ಮಕ್ಕೊಳ್ಳಾಗ ಆಂವನ ಮೈಬಿಸಿನೂ ಆರಿರ್ತೈತಿ.”

ಆ ಸುತ್ತಿನಲ್ಲಿ ಸುಬ್ಬಲಕ್ಷ್ಮಿಗೆ ಬೂಟಿನ ದಾರ ಬಿಚ್ಚಿಕೊಂಡದ್ದೂ ಗೊತ್ತಾಗಲಿಲ್ಲ.

ದಿನಗಳು ಹೀಗೇ ಹೋದವು. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಸುತ್ತು ಅವಳು ಹಾಕತೊಡಗಿದಳು. ಮಂಡಿ ಅಯ್ಯೋ ಅನ್ನುತ್ತಿತ್ತು, ಕಿವಿ ಇನ್ನೊಂದು ಸುತ್ತು ಅನ್ನುತ್ತಿತ್ತು. ಸಕ್ಕರೆ ಎಷ್ಟು ಇಳಿಯಿತೆಂದರೆ ಡಾಕ್ಟರು ತಮ್ಮ ಮಿಷನ್ನೇ ಕೆಟ್ಟಿದೆ ಅಂತ ಹೊಸದು ತರಿಸಿದರು. ಆದರೆ ಉತ್ತರ ಮಾತ್ರ ಕೊಡುವಂತಿರಲಿಲ್ಲ. ಬಾಯಿ ತೆರೆದರೆ ಈ ಒಂದು ದನಿಯೂ ಹೋಗಿಬಿಡುತ್ತದೆ. ಮನೆಗೆ ಬಂದು ಕುದಿಯುವ ನೀರಿನ ಮುಂದೆ ನಿಂತು, “ಅಲ್ಲ ಕಣೇ, ನೀನು ಹಾಗಂದ್ರೆ ಹೇಗೆ” ಅಂತ ಹೇಳಬೇಕಾದ್ದನ್ನೆಲ್ಲ ಪಾತ್ರೆಗೆ ಹೇಳುವಳು.

ಆಮೇಲೆ ಬೀಗದ ಕಥೆ ಬಂತು.

“ಖೋಲಿಗಿ ಒಂದಽ ಕೀಲಿಕೈ ಇತ್ತ್ರಿ. ಸಂಜಿಕ ಆಂವ ಬಾಜೂಮನ್ಯಾಗ ಕೊಟ್ಟು ಹೋಗ್ತಿದ್ದ, ಮುಂಜಾನಿ ಅವರು ಎದ್ದಿರ್ತಿರಲಿಲ್ಲ. ಆಂವ ಬರೂದು, ನಾ ಹೋಗೂದು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ್ಯಾಗ ನಿಂತು ಕೀಲಿಕೈ ಕೊಡ್ತಿದ್ದೆ.”

ಸುತ್ತಿ ಬಂದಳು.

“ಅಲ್ಲೇ ನೋಡ್ರಿ ನಮ್ ಸಂಸಾರ. ಬಸ್ ಬರೋತನಕ. ಉಂಡಿಯಾ ಅಂತಿದ್ದ, ಕೆಮ್ಮು ಕಡಿಮಿ ಆತಾ ಅಂತಿದ್ದೆ. ಬಸ್ ಬರಬಾರದು ಅಂತ ನಾ ದೇವರಿಗಿ ಬೇಡ್ತಿದ್ದೆ. ಊರಾಗಿನ ಮಂದಿಯೆಲ್ಲ ಬಸ್ ಬರಲಿ ಅಂತಿದ್ರು.”

ಮತ್ತೆ ಸುತ್ತಿ ಬಂದಳು, ಈ ಸಲ ನಿಜಕ್ಕೂ ಸ್ವಲ್ಪ ಬೇಗ.

“ಪಾಪ, ಹೆಂಡ್ತಿ ನಿಂತು ಕಾಯ್ತಾಳ ಅಂತ ಆಂವ ಇನ್ನೊಂದು ಕೀಲಿಕೈ ಮಾಡಿಸಿಬಿಟ್ಟಾನ್ರಿ. ಒಳ್ಳೇದು ಮಾಡೀನಿ ಅಂತ ತಿಳದಾನ. ಈಗ ಆಂವ ಆ ಕಡಿ ಸ್ಟಾಪಿನ್ಯಾಗ ಇಳದು ನೆಟ್ಟಗ ಖೋಲಿಗಿ ಹೋಗ್ತಾನ. ಮಾರಿ ನೋಡಿ ಭಾಳ ದಿನ ಆತ್ರಿ ಅಮ್ಮಾರ.”

ಮುಂದಿನ ಸುತ್ತಿಗೆ ಹುಸೇನಮ್ಮ ಗುಡಿಸುವುದನ್ನು ನಿಲ್ಲಿಸಿದ್ದಳು. ಪೊರಕೆ ಹಿಡಿದು ನಿಂತು, ಸುಬ್ಬಲಕ್ಷ್ಮಿಯ ಕಿತ್ತಳೆ ಬಿಲ್ಲೆಯನ್ನೇ ನೋಡುತ್ತ ಅಂದಳು: “ನಾಳೆ ರಾಯಚೂರ್ ಬಸ್ಸಿಗಿ ಹೊಂಟೀನ್ರಿ. ಆಂವಗ ಹೇಳಂಗಿಲ್ಲ. ನಾ ಇಲ್ಲ ಅಂತ ತಿಳಿಯಾಕ ಆಂವಗ ಎಷ್ಟು ದಿನ ಬೇಕು, ನೋಡೂಣಂತ.”

ಸುಬ್ಬಲಕ್ಷ್ಮಿಗೆ ಏನಾಯಿತೋ. ಇಷ್ಟು ದಿನ ಪಾತ್ರೆಗೆ ಹೇಳಿದ ಮಾತೆಲ್ಲ ಒಟ್ಟಿಗೆ ಗಂಟಲಿಗೆ ಬಂದು, ಮೂರ್ತಿಗಳೇ ಮೈಮೇಲೆ ಬಂದ ಹಾಗೆ ಕೂಗಿದಳು:

“ಕೀ ಕಳ್ದೋಯ್ತು ಅಂತ ಹೇಳ್ಬಿಡೇ, ಹುಚ್ಚೀ!”

ಅರಳಿಮರದ ಕಾಗೆಗಳು ಎದ್ದವು. ಬೆಂಚಿನ ಹೆಂಗಸರು ತಿರುಗಿದರು. ಹುಸೇನಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

“ಕೇಳಸ್ತದ?”

ಸುಬ್ಬಲಕ್ಷ್ಮಿಯ ಕೈ ಕಿತ್ತಳೆ ಬಿಲ್ಲೆಯ ಮೇಲೆ ಹೋಯಿತು.

“ಎಲ್ಲಾ ಕೇಳೀರಿ? ಹಾಸಿಗಿ ಸುದ್ದೀನೂ?”

“ಹುಸೇನಮ್ಮಾ, ನಾನು...”

“ಬಸವಣ್ಣ ತಿರುಗಿ ಮಾತಾಡಿದ್ರ ಆಂವನ ಕಿವ್ಯಾಗ ಯಾರು ಹೇಳ್ತಾರ್ರಿ?” ಅಂದವಳು ಪೊರಕೆ ಹೆಗಲಿಗೇರಿಸಿ ಹೊರಟೇಹೋದಳು.

ಆ ದಿನ ಸುಬ್ಬಲಕ್ಷ್ಮಿ ಒಲೆ ಹಚ್ಚಲಿಲ್ಲ. ನೀರು ಕುದಿಯದ ಮನೆ ಹೇಗಿರುತ್ತದೆ ಅಂತ ಕೇಳುತ್ತ ಕೂತಳು. ರಾಯಚೂರಿನ ಬಸ್ಸು ಎಲ್ಲಿಂದ ಹೊರಡುತ್ತದೋ ಅವಳಿಗೆ ಗೊತ್ತಿರಲಿಲ್ಲ. ಹುಸೇನಮ್ಮನ ಖೋಲಿ ಯಾವ ಗಲ್ಲಿಯಲ್ಲೋ ಅದೂ ಗೊತ್ತಿರಲಿಲ್ಲ. ಆ ಹೆಂಗಸಿನ ಹಾಸಿಗೆಯ ಬಿಸುಪು ಗೊತ್ತಿತ್ತು, ವಿಳಾಸ ಗೊತ್ತಿರಲಿಲ್ಲ.

ಎರಡು ದಿನ ಬೇರೆ ಯಾರೋ ಗುಡಿಸಿದರು. ಎಲೆಗಳು ಅಂಕೆಯಿಲ್ಲದೆ ಹಾರಾಡಿದವು. ಆಮೇಲೊಂದು ಬೆಳಗ್ಗೆ, ಪಾರ್ಕಿನ ಆಚೆ ಮೂಲೆಯಲ್ಲಿ ಅದೇ ಟವೆಲು ಕಂಡಿತು. ಸುಬ್ಬಲಕ್ಷ್ಮಿ ಹೆಜ್ಜೆ ಚುರುಕು ಮಾಡಿದಳು. ಆದರೆ ಅವಳು ಹತ್ತಿರ ಬರುವಷ್ಟರಲ್ಲಿ ಹುಸೇನಮ್ಮ ಗುಡಿಸುತ್ತ ಗುಡಿಸುತ್ತ ಮುಂದೆ ಹೋಗುವಳು. ಇವಳು ಕುಕ್ಕರಿನ ಸೀಟಿಯ ಗತಿಯಲ್ಲಿ ಓಡಿದರೆ ಅವಳು ಇನ್ನೂ ಬೇಗ. ಅದೂ ಬೆನ್ನೇ ಆಯಿತು, ಪಾರ್ಕಿನ ಇನ್ನೊಂದು ಬೆನ್ನು.

ಸುಬ್ಬಲಕ್ಷ್ಮಿ ನಿಂತಳು. ಆಮೇಲೆ ಹಿಂದಕ್ಕೆ ತಿರುಗಿ, ಎಡಸುತ್ತು ಓಡತೊಡಗಿದಳು.

ಪಾರ್ಕು ಹುಟ್ಟಿದ ಮೇಲೆ ಅಂಥದ್ದು ನಡೆದಿರಲಿಲ್ಲ. ಎದುರು ಬಂದವರೆಲ್ಲ ಬಸ್ಸು ಮೈಮೇಲೆ ಬಂದ ಹಾಗೆ ಹುಲ್ಲಿಗೆ ಹಾರಿದರು. “ಅಮ್ಮಾ, ಉಲ್ಟಾ! ಉಲ್ಟಾ ಬರ್ತಿದೀರಾ!” ಶ್ರೀವಿದ್ಯಾ ಬೆಂಚಿನಿಂದೆದ್ದು “ಅರಳೀಕಟ್ಟೆಗೆ ಅಪ್ರದಕ್ಷಿಣೆ ರೀ ಸುಬ್ಬಲಕ್ಷ್ಮೀ! ಬುದ್ಧಿ ನೆಟ್ಟಗಿದ್ಯಾ?” ಅಂತ ಕಿರುಚಿದಳು. ಪಾಪ ಅನ್ನುವುದು ಅವಳಿಗೆ ಮರೆತೇಹೋಗಿತ್ತು. ಒಂದು ವರ್ಷದ ಮೇಲೆ ಬಂದ ಆ ಬೈಗುಳ ಸುಬ್ಬಲಕ್ಷ್ಮಿಯ ಕಿವಿಗೆ ತಂಪಾಗಿ ಇಳಿಯಿತು. ಆದರೆ ನಿಲ್ಲಲು ಹೊತ್ತಿರಲಿಲ್ಲ.

ತಿರುವಿನಲ್ಲಿ ಹುಸೇನಮ್ಮ ಎದುರಿಗೇ ಸಿಕ್ಕಳು. ಓಡಲು ಜಾಗವಿರಲಿಲ್ಲ, ಒಂದು ಕಡೆ ಬೇಲಿ, ಇನ್ನೊಂದು ಕಡೆ ಅವಳೇ ಗುಡಿಸಿದ ಎಲೆಯ ರಾಶಿ.

ಸುಬ್ಬಲಕ್ಷ್ಮಿಗೆ ಉಸಿರು ಸಿಗುತ್ತಿರಲಿಲ್ಲ. ಮಾತಾಡದೆ ತನ್ನ ಹೆಡ್‌ಫೋನು ಬಿಚ್ಚಿ, ಹುಸೇನಮ್ಮನ ಕಿವಿಗೆ ಸಿಕ್ಕಿಸಿದಳು. ಓಡುವವರಿಗೆಂದು ಮಾಡಿದ ಆ ವಸ್ತು, ಅವಳ ಕಿವಿಯ ಮೇಲಂಚಿನ ಬುಗುಡಿಗೂ ತಾಗದೆ, ಕೂದಲ ಗಂಟಿಗೂ ತಾಗದೆ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

“ಈಗ ನೀನು ಬಸವಣ್ಣ. ನಿಂಗೇನೂ ಕೇಳ್ಸಲ್ಲ. ತಿಳೀತಾ? ನಾನ್ ಹೇಳ್ತೀನಿ, ನೀನ್ ಗುಡಿಸು.”

ಹುಸೇನಮ್ಮನ ಪೊರಕೆ ಮೆಲ್ಲಗೆ ಆಡತೊಡಗಿತು.

“ನಮ್ಮನೆಯವರು ಇದ್ರು ನೋಡು, ಅವ್ರು ಮಾತಾಡ್ತಿರ್ಲಿಲ್ಲ, ಕೂಗ್ತಿದ್ರು,” ಅಂದು ಸುಬ್ಬಲಕ್ಷ್ಮಿ ಬಲಸುತ್ತಿಗೆ ಹೊರಟಳು.

ಬಿಲ್ಲೆ ಇದ್ದ ಜಾಗಕ್ಕೆ ಗಾಳಿ ತಗುಲುತ್ತಿತ್ತು. ಸುತ್ತಿ ಬಂದಳು.

“ಗ್ಯಾಸ್ ಸಿಲಿಂಡರ್ ತರೋನಿದಾನಲ್ಲ, ಅವನ ಗಂಟ್ಲು ಥೇಟ್ ಅವ್ರದೇ. ಗೇಟಿನ ಹತ್ರ ನಿಂತು ‘ಅಮ್ಮಾ, ಗ್ಯಾಸ್!’ ಅಂತ ಕೂಗಿದ್ರೆ ಮನೆಯೆಲ್ಲ ಅದುರತ್ತೆ.”

ಮತ್ತೆ ಸುತ್ತಿ ಬಂದಳು. ಈ ಮಾತನ್ನು ಹೇಳುವುದೋ ಬೇಡವೋ ಅಂತ ಅರ್ಧ ಸುತ್ತು ಯೋಚಿಸಿದ್ದಳು. ನೆಲ ನೋಡುತ್ತ ಹೇಳಿದಳು.

“ಅದಕ್ಕೇ ಬೇಗ ಖಾಲಿಯಾಗ್ಲಿ ಅಂತ, ದಿನಾ ಬೆಳಗ್ಗಿಂದ ಸಂಜೆವರ್ಗೂ ಸುಮ್ನೆ ನೀರು ಕುದಿಸ್ತೀನಿ ಕಣೇ. ಕುದಿಸಿ, ಆರಿಸಿ ಗಿಡಕ್ಕೆ ಹಾಕ್ತೀನಿ. ಅವನು ಬಂದು ಒಂದ್ಸಲ ಕೂಗಿ ಹೋಗ್ಲಿ ಅಂತ.”

ಹೇಳಿ, ನಿಲ್ಲದೆ ಹೋದಳು. ಹಿಂದೆ ಪೊರಕೆಯ ಸದ್ದು ನಿಂತುಹೋದದ್ದು ಕೇಳಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಆ ಸುತ್ತು ಮೈಸೂರಿಗೆ ಹೋಗಿ ಬಂದಷ್ಟು ಉದ್ದವಾಯಿತು. ಮಂಡಿ ಸಾಕು ಅಂದಿತ್ತು. ಇದು ಕೊನೆಯದು, ಇನ್ನು ಮನೆಗೆ, ಅಂದುಕೊಂಡು ತಿರುವಿಗೆ ಬಂದಳು.

ಹುಸೇನಮ್ಮ ಬಗ್ಗಿ ಗುಡಿಸುತ್ತಿದ್ದಳು. ಕಿತ್ತಳೆ ಬಿಲ್ಲೆ ಕಿವಿಯ ಮುಂದೆಯೇ ಇತ್ತು. ಅವಳು ತಲೆ ಎತ್ತಲಿಲ್ಲ, ಸುಬ್ಬಲಕ್ಷ್ಮಿಯ ಕಡೆ ನೋಡಲಿಲ್ಲ. ಪೊರಕೆಗೆ ಹೇಳಿದಳು:

“ರಾಯಚೂರ್ ಬಸ್ ಹತ್ತಲಿಲ್ಲ. ಕೀಲಿಕೈ ಕಳದೈತಿ ಅಂತ ಫೋನಿನ್ಯಾಗ ಹೇಳೀನಿ. ಭಾಳ ಬೈದ. ಇವತ್ತು ಮುಂಜಾನಿ ಬಸ್ ಸ್ಟಾಪಿನ್ಯಾಗ ನಿಂತಿದ್ದ.” ಎಲೆಗಳನ್ನು ಒಂದು ಕಡೆ ತಳ್ಳಿದಳು. “ಉಳದಿದ್ದು ಹೇಳೂದೈತಿ. ಈ ಅಮ್ಮಾರು ಇನ್ನೊಂದು ಸುತ್ತು ಬರ್ತಾರೋ, ಇಲ್ಲೋ.”

ಸುಬ್ಬಲಕ್ಷ್ಮಿ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡಳು. ಆ ಬೆಳಗ್ಗೆ ಪಾರ್ಕಿನಲ್ಲಿದ್ದವರೆಲ್ಲ ಸಾಕ್ಷಿ, ಅವಳು ನಡೆಯಲೂ ಇಲ್ಲ, ಧಾವಿಸಲೂ ಇಲ್ಲ. ನಿಜಕ್ಕೂ ಓಡಿದಳು.